ಚಿಲಕ

ನೀರಿಗೆ ಏನಂತಾರೆ ಅಂತ ಕೇಳಲಿಲ್ಲ,
ಉಪ್ಪಿಗೂ ಕೇಳಲಿಲ್ಲ ಅವಳು.
ಬಂದ ಮೂರನೇ ದಿನ, ಬೆಳಗಿನ ಜಾವದ ಪಾಳಿ,
ಕಾದ ಮರಳಾಗೆ ಅಕ್ಕಿ ಮಂಡಕ್ಕಿ ಆಗೋ ಹೊತ್ತಿಗೆ
ಜರಡಿ ಕೆಳಗಿಟ್ಟು
ಎಡಗೈ ಮುಷ್ಟಿ ಮಾಡಿ, ಬಲಗೈ ಬೆರಳು ಅದರೊಳಗೆ ತೂರಿಸಿ
ಎಳೆದು ತೋರಿಸಿದ್ಲು.
ಒಲೆಗೆ ಟಯರು ಹಾಕೋ ಹುಡುಗ್ರು ಕಿಸಕ್ಕನೆ ನಕ್ಕರು.
ಸುಳ್ಳು ಯಾಕೆ, ನಂಗೂ ಮೊದ್ಲು ಹಂಗೇ ತಿಳೀತು.
ಆಮೇಲೆ ಗ್ವಾಡೆ ಹತ್ರ ಹೋಗಿ
ಇಲ್ದಿರೋ ಬಾಗ್ಲು ಮುಚ್ಚಿ
ಇಲ್ದಿರೋದನ್ನ ಸರಿಸಿದ್ಲು.

ಚಿಲಕ, ಅಂದೆ.
ಚಿಲ್ಕ, ಅಂದ್ಲು.
ದಾವಣಗೆರ್ಯಾಗೆ ಅವಳು ಕಲಿತ ಮೊದಲ ಮಾತು.

ಹೆಸರು ಉಂಗಿ. ಕಾಡಿನ ಕಡೆಯೋಳು.
ಅವಳ ಅರೆಬರೆ ಹಿಂದಿಗೆ ಜುಬೇದಾಬಿಯ ಅರೆಬರೆ ಹಿಂದಿ ಸೇರಿ
ಒಂದು ಮಾತು ಪೂರಾ ಆಗೋದ್ರಾಗೆ ಎರಡು ಚೀಲ ತುಂಬ್ತಿತ್ತು.
ನಂಗೊತ್ತಿರೋದು ಆ ಲೆಕ್ಕದಾಗೇ.

ಊರಾಗೆ ಬಾಗ್ಲೇ ಇರಲಿಲ್ಲಂತೆ, ಬಿದಿರ ತಟ್ಟಿ,
ನಾಯಿ ಬರದಂಗೆ ಸರಿಸಿದ್ರೆ ಆತು.
ಹಗಲೊತ್ತು ಬಂದ ಬಂದೂಕಿನೋರು
ಅವರಿಗೆ ಅನ್ನ ಹಾಕಿದಿ ಅಂದ್ರು.
ರಾತ್ರಿ ಬಂದ ಬಂದೂಕಿನೋರು
ಇವರಿಗೆ ದಾರಿ ತೋರಿಸಿದಿ ಅಂದ್ರು.
ತಟ್ಟಿ ಮೊದ್ಲು ಹತ್ತಿಕೊಂತು.

ಆಮೇಲೆ ಕ್ಯಾಂಪು. ತಗಡಿನ ಬಾಗ್ಲು.
ಚಿಲಕ ಇತ್ತು, ಒಳ್ಳೆ ಗಟ್ಟಿ ಚಿಲಕ.
ಹೊರಗಡೆ.

ಅಲ್ಲಿಗೆ ಜುಬೇದಾಬಿ ನಿಲ್ಲಿಸಿದ್ಲು.
ಉಂಗಿ ಇನ್ನೂ ಹೇಳ್ತಾನೇ ಇದ್ಲು,
ಇವಳು ಜರಡಿ ಆಡಿಸ್ತಾನೇ ಇದ್ಲು, ಖಾಲಿ ಜರಡಿ.
ಏನಂದ್ಲೇ? ಅಂದೆ.
ಏನಿಲ್ಲಕ್ಕ, ಅಂದ್ಲು.

ಮುಂದೆ ಎಲ್ಲೋ ಮೆಣಸಿನಕಾಯಿ ಬಿಡಿಸೋ ಹೊಲ, ಬಾಗ್ಲಿಗೆ ಹಳೇ ಸೀರೆ.
ಅಲ್ಲಿಂದ ಲಾರಿಯಾಗೆ ಇಲ್ಲಿಗೆ.
ಭಟ್ಟಿ ಹಿಂದಿನ ಸಾಲು ರೂಮು, ಬಾಗ್ಲು ಮರದ್ದೇ,
ಚಿಲಕ ಇದ್ದ ಜಾಗದಾಗೆ ನಾಕು ತೂತು.
ಕಿತ್ತೋನು ಮೇಸ್ತ್ರಿ. ಅವಳ ಆಧಾರ್ ಕಾರ್ಡೂ ಅವನ ಹತ್ರನೇ.
ನಾನಿರೋವಾಗ ಚಿಲಕ ಯಾಕವ್ವ, ಅಂತಾನೆ,
ತವರಿನ ಅಣ್ಣನಂಗೆ.

ಹನ್ನೊಂದು ರಾತ್ರಿ.
ಗ್ವಾಡೆ ಈ ಕಡೆ ನಾನು.
ಒಂದ್ಸಲ ಕೆಮ್ಮಿದೆ, ಜೋರಾಗಿ.
ನಾನು ಮಾಡಿದ್ದು ಅಷ್ಟೇ. ಅದನ್ನೂ ಬರಕೊಳ್ರಿ ಮೇಡಮ್ಮೋರೆ.

ಚಿಲಕದ ಮ್ಯಾಲೆ ನಂಗೆ ನಂಬಿಕೆ ಇಲ್ಲ.
ನಮ್ಮನ್ಯಾಗೂ ಇತ್ತು, ಹಿತ್ತಾಳೆದು, ಅಪ್ಪ ಹಾಕಿಸಿಕೊಟ್ಟಿದ್ದು.
ಹದಿನಾರು ವರ್ಷ ದಿನಾ ರಾತ್ರಿ ನಾನೇ ಹಾಕಿದೆ.
ಹೊಡಿಯೋನು ಒಳಗಿದ್ದ.

ಆದ್ರೂ ಮಂಡಿಪೇಟೆಗೆ ಹೋದೆ.
ಎಷ್ಟಿಂಚು? ಅಂದ ಅಂಗಡಿಯೋನು.
ಎಷ್ಟಿಂಚು ಸಾಕಾಗ್ತೈತೆ ಇಂಥಾದ್ದಕ್ಕೆ?
ಇರೋದ್ರಾಗೆ ದೊಡ್ಡದು ಕೊಡಪ್ಪ, ಅಂದೆ.

ಹಳೇ ತೂತು ಸಡಿಲಾಗಿದ್ವು.
ಮೊಳೆ ಒಲೆಯಾಗಿಟ್ಟು ಕೆಂಪಗೆ ಕಾಸಿ, ಇಕ್ಕಳದಾಗೆ ಹಿಡಿದು
ಅವಳೇ ಚುಚ್ಚಿದ್ಲು ಬಾಗ್ಲಿಗೆ. ಚುಚ್ಚಿದಾಗೆಲ್ಲ ಹೊಗೆ.
ಮರ ಸುಟ್ಟ ವಾಸ್ನೆಗೆ ಮುಖ ತಿರುಗಿಸಿದೋಳು ನಾನು,
ಅವಳಲ್ಲ.

ಅವತ್ತು ರಾತ್ರಿ ಬಾಗ್ಲು ಬಡಿದ.
ಬಡಿದ. ಒದ್ದ.
ನಾನು ಕೆಮ್ಮಲಿಲ್ಲ, ಹೊರಗೆ ಬಂದೆ.
ಒನಕೆ ಗಿನಕೆ ಇರಲಿಲ್ಲ ಕೈಯಾಗೆ, ದುರ್ಗದ ಕೋಟೆಯಲ್ಲ ಇದು.
ಟಾರ್ಚಿತ್ತು. ಅವನ ಮುಖಕ್ಕೆ ಬಿಟ್ಟೆ, ಆರಿಸಲಿಲ್ಲ.
ಜುಬೇದಾಬಿ ರೂಮಿನ ಲೈಟೂ ಹತ್ತಿತು.
ಬೈಕೊಂತ ಹೋದ.
ಬಟವಾಡೆ ದಿನ ಅವಳ ಲೆಕ್ಕದಾಗೆ ಕಡಿದಿದ್ದ:
ಬಾಗ್ಲು ಹಾಳು ಮಾಡಿದ್ದಕ್ಕೆ, ನೂರೈವತ್ತು.

ಘಟನೆ ನಡೆದ ಸ್ಥಳ ಅಂತ
ನಿಮ್ಮ ಕಾಗದದಾಗೆ ಒಂದೇ ಗೆರೆ ಬಿಟ್ಟೀರಿ.
ಸಾಲಂಗಿಲ್ರಿ.

ಈಗ ಎಲ್ಲದಾಳೆ ಅಂದ್ರೆ ಗೊತ್ತಿಲ್ಲ.
ಮೊನ್ನೆ ಪಾಳಿಗೆ ಬರಲಿಲ್ಲ ಅಂತ ಹೋಗಿ ನೋಡಿದೆ.
ಬಾಗ್ಲು ತೆಗೆದೇ ಇತ್ತು. ಚಾಪೆ ಐತೆ.
ಪಾತ್ರೆ ತೊಳೆದು ಬೋರಲು ಹಾಕ್ಯಾಳೆ.
ಕಾರ್ಡು ಇನ್ನೂ ಆ ಮೇಸ್ತ್ರಿ ಜೇಬಿನಾಗೇ ಐತೆ, ಕೇಳ್ರಿ ಅವನ್ನ.
ಚಿಲಕ ಇಲ್ಲ.
ಒಂದೊಂದೇ ಸ್ಕ್ರೂ ಬಿಚ್ಚಿಕೊಂಡು ಒಯ್ದಾಳೆ,
ಆರಕ್ಕಾರೂ.

ಕಳುವಾದ ಮಾಲು ಅಂತ ಬರದೀರಿ ಮತ್ತೆ.
ಅದು ಅವಳದು.