ಮೊಣಕಾಲಿನಿಂದ ನೆಲಕ್ಕೆ

ಕೂತುಕೊಳ್ಳಿ ಅನ್ನೋಣವೆಂದರೆ
ಇಲ್ಲಿ ನಿಮ್ಮ ಅಳತೆಯದೊಂದೂ ಇಲ್ಲ.
ಅದು ಝುಲ್ಮೀರಾಳದು, ನಿಮಗೆ ಗಿಡ್ಡ.
ಆ ಮೂಲೆಯದು ದೆಯೊಲಿಂದಾಳದು, ಹತ್ತಿದರೆ
ನಿಮ್ಮ ಚಂದದ ಬೂಟು ಗಾಳಿಯಲ್ಲಿ ತೂಗಾಡುತ್ತದೆ.
ನಿಂತೇ ಕೇಳಿ, ತಾಯಿ. ನನ್ನ ಕೈ ನಿಲ್ಲುವಂತಿಲ್ಲ,
ಹನ್ನೊಂದರೊಳಗೆ ಈ ಬುಟ್ಟಿ ಖಾಲಿಯಾಗಬೇಕು.

ಲಿಸ್ಬನ್‌ನಿಂದ ಇಷ್ಟು ದೂರ
ಪೆನೀಶಿನ ಈ ಉಪ್ಪುಗಾಳಿಗೆ ಬಂದಿದ್ದೀರಿ,
'ಅತ್ಯುತ್ತಮ ಕೆಲಸದ ತಾಣ' ಅಂತ ಫಲಕ ಕೊಡಲಿಕ್ಕೆ.
ಅದಕ್ಕೆ ಮೂವತ್ತೆರಡು ಪ್ರಶ್ನೆ,
ಒಂದರಿಂದ ಐದರವರೆಗೆ ಗುಂಡು ಸುತ್ತಬೇಕಂತೆ.
ನೀವೇ ಓದಿ ಹೇಳಿ, ಹಬೆಗೆ ನನ್ನ ಕನ್ನಡಕ ಮಂಜಾಗಿದೆ.
'ಸಂಸ್ಥೆಯ ದೂರದೃಷ್ಟಿ ನಿಮಗೆ ಸ್ಪಷ್ಟವಿದೆಯೇ?'
ದೂರಕ್ಕೆ ಕಾಣುವುದು ಕಿಟಕಿ, ಕಿಟಕಿಯಾಚೆ ಕಟ್ಟೆ,
ದೋಣಿ ಬಂತೋ ಇಲ್ಲವೋ, ಅಷ್ಟು ಸ್ಪಷ್ಟ.
ಮೂರು ಅಂತ ಬರೆದುಕೊಳ್ಳಿ.

ಸಂಬಳವೇ? ಸುಳ್ಳೇಕೆ, ಸಾಲದು.
ವಾಸನೆಯೇ? ನಿಂಬೆ ಉಜ್ಜಿ, ಕಾಫಿಪುಡಿ ಉಜ್ಜಿ,
ಮದುವೆಯ ದಿನ ನನ್ನ ಕೈಗೆ ಮುತ್ತಿಟ್ಟವನು
ಮೊದಲು ಬೂತಾಯಿ ಮೀನಿಗೇ ಮುತ್ತಿಟ್ಟ.
ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ.
ಅನುಕೂಲವೇ ಆಯಿತು, ಚೀಲ ಇಡಲಿಕ್ಕೆ.

ನಾನು ಸೇರಿದ ವರ್ಷ ಎಲ್ಲರದೂ ನಿಂತೇ ಕೆಲಸ.
ಸಂಜೆಯ ಹೊತ್ತಿಗೆ ಪಾದ ಊದಿ
ಜೋಡಿನೊಳಗೆ ಹೋಗುತ್ತಿರಲಿಲ್ಲ; ಗ್ರಾಸಿಯೆತ್
ಬರಿಗಾಲಲ್ಲೇ ಮನೆಗೆ ನಡೆಯುತ್ತಿದ್ದಳು, ಜೋಡು ಕೈಯಲ್ಲಿ.
ಒಂದು ದಿನ ನಮ್ಮ ಮಾಲೀಕ ಅಬ್ರಾಂತೆಶ್,
ಲೆಕ್ಕದ ಕೋಣೆಯ ಬೆಕ್ಕು, ಮಾತಿಲ್ಲ ಕತೆಯಿಲ್ಲ,
ಬೀದಿಯುದ್ದಕ್ಕೂ ಅವಳ ಹಿಂದೆ ಬಂದನಂತೆ
ಒದ್ದೆ ಹೆಜ್ಜೆಗಳ ಗುರುತು ನೋಡುತ್ತ.
ಮಾರನೆಯ ದಿನ ಏಪ್ರನ್ ಕಟ್ಟಿ ನಮ್ಮ ಸಾಲಿನಲ್ಲಿ ನಿಂತ.
ತಲೆ ಕತ್ತರಿಸಿದ್ದು ಓರೆ, ಡಬ್ಬಿ ತುಂಬಿದ್ದು ಸೊಟ್ಟ.
ಎಂಟು ಗಂಟೆ.
ಮೂರನೆಯ ದಿನ ಬಡಗಿ ಎರ್ಮೀನಿಯು ಬಂದ,
ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಟೇಪು ಹಿಡಿದು:
'ಮೊಣಕಾಲಿನಿಂದ ನೆಲಕ್ಕೆ ಎಷ್ಟು?'
ನಾವು ನಕ್ಕೂ ನಕ್ಕೂ ಸುಸ್ತು.
ನಮ್ಮನ್ನು ಯಾರೂ ಹಾಗೆ ಅಳೆದಿರಲಿಲ್ಲ.
ಅಳೆಯುತ್ತಿದ್ದುದು ಡಬ್ಬಿ, ಗಂಟೆಗೆ ಎಷ್ಟು ಅಂತ.

ಅಂಗಡಿಯಿಂದ ಒಂದೇ ಎತ್ತರದವು ಸಗಟು ತಂದಿದ್ದರೆ
ಅಗ್ಗವಾಗುತ್ತಿತ್ತು, ಒಂದರ ಮೇಲೊಂದು ಪೇರಿಸಬಹುದಿತ್ತು.
ಇವು ಪೇರಿಸಲು ಬರುವುದಿಲ್ಲ. ನೆಲ ತೊಳೆಯುವ ಹುಡುಗ
ಇವತ್ತಿಗೂ ಬೈಯುತ್ತಾನೆ.

ಮೀನು ಬಾರದ ವರ್ಷದ ಮಾತು ಬೇರೆ.
ವಾರಕ್ಕೆ ಮೂರೇ ದಿನ, ಮೂರು ದಿನದ್ದೇ ದುಡ್ಡು,
ಎಲ್ಲರಿಗೂ, ಅವನಿಗೂ, ಎಂದು ಕೈ ಎತ್ತಿ ತೀರ್ಮಾನಿಸಿದೆವು.
ಗ್ರಾಸಿಯೆತ್ ಎತ್ತಲಿಲ್ಲ. ಮೂರು ಮಕ್ಕಳು ಅವಳಿಗೆ.
ಏಪ್ರನ್ ಬಿಚ್ಚಿ ಮೇಜಿನ ಮೇಲೆ ಕುಕ್ಕಿ
ಎಲ್ಲರೆದುರು ಅವನಿಗೊಂದು ಮಾತು ಅಂದಳು,
ನೀವು ಬರೆದುಕೊಳ್ಳುವಂಥದ್ದಲ್ಲ.
ಹೋಟೆಲಿನಲ್ಲಿ ಹಾಸಿಗೆ ಹಾಸಲು ಹೋದಳು.
ಹದಿನಾಲ್ಕು ತಿಂಗಳಿಗೆ ಮರಳಿ ಬಂದಾಗ
ಬಾಗಿಲಲ್ಲೇ ನಿಂತಳು, ಒಳಗೆ ಬಾರದೆ.
ಅವಳ ಸ್ಟೂಲು ಅಲ್ಲೇ ಇತ್ತು.
ಯಾರೂ ಮುಟ್ಟಿರಲಿಲ್ಲ ಎಂದರೆ ಕತೆ ಚಂದ.
ನಿಜವೆಂದರೆ ನಾನು ಎರಡು ದಿನ ಕೂತಿದ್ದೆ,
ಬೆನ್ನು ಹಿಡಿಯಿತು, ಬಿಟ್ಟೆ.
ಅಬ್ರಾಂತೆಶ್ ತಲೆ ಎತ್ತಿ, 'ತಡವಾಯಿತು' ಅಂದ,
ಹದಿನಾಲ್ಕು ತಿಂಗಳಲ್ಲ, ಹತ್ತು ನಿಮಿಷವೆಂಬಂತೆ.

ಇದಕ್ಕೆ ನಿಮ್ಮ ಹಾಳೆಯಲ್ಲಿ ಎಷ್ಟು?

'ನಿಮಗೆ ಮನ್ನಣೆ ಸಿಗುತ್ತದೆಯೇ?'
ಮಣೆ ಹಾಕಿದರು ಅನ್ನಿ.
ನಮಗೆ ಹೊಂದಲೆಂದು ಕಾಲು ಕೊಯ್ದದ್ದು
ಮಣೆಯದು, ನಮ್ಮದಲ್ಲ.
ಉಳಿದ ಕಾರ್ಖಾನೆಗಳಲ್ಲೂ ದುಡಿದಿದ್ದೇನೆ, ತಾಯಿ,
ಆ ಲೆಕ್ಕ ನನಗೆ ಗೊತ್ತು.

ಫಲಕ ಕೊಡುವುದಾದರೆ ಕೊಡಿ, ಬೇಡವೆನ್ನೆವು.
ಗಾಜಿನದು ಬೇಡ. ಮರದ್ದಿರಲಿ, ತುಸು ದಪ್ಪಗೆ.
ಸೋಮವಾರ ಕೇಪ್ ವರ್ಡ್ ಕಡೆಯ ಹುಡುಗಿ ಬರುತ್ತಾಳೆ,
ಇವನಿಲ್ದಾ ಅಂತ ಹೆಸರು, ಬಹಳ ಕುಳ್ಳಿಯಂತೆ.
ಎರ್ಮೀನಿಯುವಿಗೆ ಈಗ ಕಣ್ಣು ಮಂದ, ಕೆಲಸ ನಿಧಾನ.
ಅಲ್ಲಿಯವರೆಗೆ ಅವಳ ಕಾಲಡಿಗೆ
ಒಂದು ಹಲಗೆ ಬೇಕು.