ಒಂಬತ್ತನೆಯ ತೊಟ್ಟಿ

ಕೈ ತೊಳೆದುಕೋ ಮೊದಲು, ಲೊಮೋಸಿ.
ಸಾಬೂನು ಮುಟ್ಟಬೇಡ. ಬರೀ ನೀರು, ಮೊಣಕೈವರೆಗೆ.
ಬೆಳಿಗ್ಗೆ ನೀನು ಹಚ್ಚಿಕೊಂಡ ಎಣ್ಣೆ
ನಿನ್ನ ಹುಡುಗಿಗೆ ಘಮ, ಮೀನಿಗೆ ವಿಷ.
ಸಂಜೆಗೆ ಇಟ್ಟುಕೋ ಅದನ್ನು.

ಒಂಬತ್ತು ತೊಟ್ಟಿ, ಒಂಬತ್ತು ಬಲೆ.
ಒಂದರ ಬಲೆ ಇನ್ನೊಂದಕ್ಕೆ ಇಳಿಯಕೂಡದು.
ಹೋದ ವರ್ಷ ಇಳಿಸಿದವನೊಬ್ಬನಿದ್ದ.
ಉಪ್ಪು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ
ಶುಕ್ರವಾರ ಒಂದರ ಮೈಮೇಲೆ;
ಮುಂದಿನ ಶುಕ್ರವಾರ ನಾನೂರು
ಮಗ್ಗುಲಾಗಿ ತೇಲುತ್ತಿದ್ದವು,
ನೀರುಕಾಗೆಗೂ ಬೇಡವಾಗಿ.

ಹೊಸದು ಬಂದರೆ ಮೂರು ವಾರ ಒಂಟಿವಾಸ.
ಬ್ವಾನಾಲಿ ಮುದುಕ ಸರೋವರದ ಆಳದಿಂದ ತರುತ್ತಾನೆ,
ತೂತು ಕೊರೆದ ಪೀಪಾಯಿಯಲ್ಲಿ, ದಿನಕ್ಕೆರಡಾಳು ಮೇಲಕ್ಕೆ.
ಅವಸರ ಮಾಡಿದರೆ ಒಳಗಿನ ಗಾಳಿಚೀಲ ಉಬ್ಬಿ
ಮೀನಿನ ಕಣ್ಣು ಹೊರಬರುತ್ತದೆ.
ಮುದುಕನ ಎಡಗಿವಿ ಕೇಳಿಸುವುದಿಲ್ಲ.
ಅವನನ್ನು ಯಾರೂ ಮೆಲ್ಲಗೆ ಎತ್ತಲಿಲ್ಲ.

ಇವು ಬಂಡೆ ಕೆರೆದು ಉಣ್ಣುವ ಜಾತಿ, ಎಂಬೂನಾ.
ಪಾಚಿಯೇ ಅನ್ನ.
ಕರುಣೆ ಉಕ್ಕಿ ಮಾಂಸದ ಚೂರು ಹಾಕಿದೆಯೋ,
ಹೊಟ್ಟೆ ಊದಿ, ಬಿಳಿ ದಾರದಂಥ ಮಲ ಜೋತು,
ಮೈಯ ಹುರುಪೆಯೆಲ್ಲ ನಿಮಿರಿ ನಿಲ್ಲುತ್ತವೆ.
ಊಟ ಬಲ್ಲವನಿಗೆ ರೋಗವಿಲ್ಲ; ಇವು ಬಲ್ಲವಲ್ಲ,
ಅದಕ್ಕೇ ನೀನು ಬಲ್ಲವನಾಗಬೇಕು.
ಗಾಜಿಗೆ ಮೂತಿ ಒತ್ತಿ ಬೇಡುತ್ತವೆ, ಸೋಲಬೇಡ.
ಎಷ್ಟು ಕೊಟ್ಟರೂ ಹಸಿವೇ,
ನಮ್ಮ ಯಜಮಾನರ ಹಾಗೆ.

ಮೂಸಿ ನೋಡು. ಒಳ್ಳೆಯ ನೀರಿಗೆ
ತೊಳೆದ ಕಲ್ಲಿನ ವಾಸನೆ.
ಕೆಟ್ಟರೆ ಪರೀಕ್ಷೆಯ ಸೀಸೆಗಿಂತ
ಒಂದು ದಿನ ಮೊದಲೇ ಮೂಗಿಗೆ ಗೊತ್ತಾಗುತ್ತದೆ.
ಮೂರರಲ್ಲೊಂದು ಪಾಲು ಬದಲಿಸು.
ಸ್ಪಂಜನ್ನು ನಲ್ಲಿಯಡಿ ಹಿಡಿದು ಬೆಳ್ಳಗೆ ಮಾಡಬೇಡ;
ಅದರ ಕೊಳೆಯೇ ನಮ್ಮ ಅರ್ಧ ಕೆಲಸ ಮಾಡುವುದು.

ಈಗ ಬಾ ಇಲ್ಲಿ. ಹಲಗೆ ಓದು.
‘ರೋಗ. ಮುಟ್ಟಬೇಡಿ.’ ನನ್ನದೇ ಅಕ್ಷರ.
ಕಲ್ಲಿನ ಹಿಂದೆ ಒಬ್ಬಳಿದ್ದಾಳೆ, ಮಾಸಲು ಕಿತ್ತಳೆ,
ಗಂಟಲು ಉಬ್ಬಿದೆ.
ಔಷಧಿ ಡಬ್ಬಿಯಿಂದ ಕೈ ತೆಗೆ.
ಏನೂ ಆಗಿಲ್ಲ ಅವಳಿಗೆ.
ಬಾಯಲ್ಲಿ ಮಕ್ಕಳು.

ಹದಿನಾರು ದಿನದ ಹಿಂದೆ ಗಂಡು
ಮೈ ನಡುಗಿಸುತ್ತ ಸುತ್ತು ಬಂದ.
ಅವನ ಕೆಳರೆಕ್ಕೆಯ ಮೇಲೆ ಹಳದಿ ಚುಕ್ಕೆ, ಥೇಟು ಮೊಟ್ಟೆ.
ತನ್ನದೇ ಒಂದು ಉಳಿದುಹೋಯಿತೆಂದು
ಇವಳು ಅದಕ್ಕೂ ಬಾಯಿ ಹಾಕಿದಳು.
ಆ ಮೋಸದಿಂದ ಇಷ್ಟು ಜೀವ. ನಗಬೇಡ,
ಸೆಂಗಾ ಕೊಲ್ಲಿಯಲ್ಲಿ ಹಾಗೆ ಹುಟ್ಟಿದವರು
ಮೀನುಗಳಷ್ಟೇ ಅಲ್ಲ.

ಅಂದಿನಿಂದ ಒಂದು ಚೂರು ನುಂಗಿಲ್ಲ.
ಮೂಗಿನ ಮುಂದೆ ಪಾಚಿ ತೇಲಿದರೂ
ನೋಡುತ್ತಾಳೆ, ಒಳಗಿನದನ್ನು ಹೊರಳಿಸುತ್ತಾಳೆ.
ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ.
ಬಣ್ಣ ಆಗಲೇ ಹೋಗಿದೆ.
ಬಿಟ್ಟರೆ ಹೋಗುವುದು ಬೇರೆ.

ನಾಳೆ ನಸುಕಿಗೆ ಲಾರಿ ಲಿಲೊಂಗ್ವೆಗೆ, ಇಪ್ಪತ್ತೆರಡು ಪೆಟ್ಟಿಗೆ.
ಅಲ್ಲಿಂದ ಹಿಮ ಬೀಳುವ ಯಾವುದೋ ಊರಿಗೆ.
ಪಟ್ಟಿಯಲ್ಲಿ ಕಿತ್ತಳೆ ಹೆಣ್ಣು ಹತ್ತು.
ನನ್ನ ಪುಸ್ತಕದಲ್ಲಿ ಒಂಬತ್ತು,
ಹತ್ತನೆಯದರ ಮುಂದೆ ‘ಊತ’.
ಚೀಲದ ಕತ್ತಲಲ್ಲಿ ಬೆದರಿದವಳು ಉಗುಳಿಬಿಡುತ್ತಾಳೆ,
ಇಲ್ಲವೇ ನುಂಗುತ್ತಾಳೆ.
ಎರಡನ್ನೂ ನೋಡಿದ್ದೇನೆ.
ಮೊನ್ನೆ ರಾತ್ರಿ ಈ ತೊಟ್ಟಿ ಖಾಲಿ ಮಾಡಿ, ಬಿಸಿನೀರಲ್ಲಿ ಉಜ್ಜಿ,
ಒಣಗಿಸಿ, ತುಂಬಿಸಿ, ಆಮೇಲೆ ತಂದು ಬಿಟ್ಟೆ.

ಆಸಿಯಾತು ಬರೆದದ್ದೆಂದರೆ
ಯಾರೂ ಎರಡನೆಯ ಸಲ ನೋಡುವುದಿಲ್ಲ.
ಹನ್ನೊಂದು ವರ್ಷದಲ್ಲಿ ಸುಳ್ಳು ಇದೊಂದೇ.
ಅಲ್ಲ, ಎರಡು.
ಇನ್ನೊಂದು ನನ್ನ ಹೆಸರಿನ ಮುಂದೆ,
‘ಮೈಗೆ ಸರಿಯಿಲ್ಲ’, ಮೂರು ವಾರ.
ಆಗ ಯಾರೂ ಕೇಳಲಿಲ್ಲ. ನೀನೂ ಕೇಳಬೇಡ.

ಇನ್ನೈದು ದಿನ. ದಡದಿಂದ ಚಪ್ಪಟೆ ಕಲ್ಲು ತಂದು
ಬೇಯಿಸಿ ಇಡು; ಅಡಗಲು ಸಂದು ಬೇಕು ಮರಿಗಳಿಗೆ.
ಯಜಮಾನರು ಬಂದರೆ ಹಲಗೆ ತೋರಿಸು.
ಹೋಗೀಗ. ಎರಡನೆಯದರ ಗಾಳಿಕೊಳವೆ
ಆಗಿನಿಂದ ಗೊರಗೊರ ಅನ್ನುತ್ತಿದೆ.