ತಾರೀಖು ಕೇಳುವ ಡಬ್ಬಿ

ಒಂದು ಉದ್ದ ಬೀಪು, ಆಮೇಲೆ ಎರಡು ಗಿಡ್ಡ.
ಪರದೆ ಕಪ್ಪು,
ಬಾಣಲೆಯ ತಳದಷ್ಟು ಕಪ್ಪು.

ಫೋನಿನಲ್ಲಿ ಕೊಟ್ರೇಶಿ: "ಆಫ್ ಮಾಡಿ ಆನ್ ಮಾಡಿದ್ರೇನು?"
ಮಾಡಿದೆ.
"ವೈರು ಕಿತ್ತು ಮತ್ತೆ ಚುಚ್ಚಿದ್ರೇನು?"
ಚುಚ್ಚಿದೆ.
"ಮೇಲೊಂದು ಏಟು?"
ಅದನ್ನು ನೀನು ಹೇಳುವ ಮುಂಚೆಯೇ ಕೊಟ್ಟಾಯಿತಪ್ಪಾ.
ನಕ್ಕ.
ಪಿ.ಜೆ. ಬಡಾವಣೆಯಿಂದ ನಮ್ಮ ಭಟ್ಟಿ ಓಣಿಗೆ ಬರಲು
ಇನ್ನೂರು ಕೇಳುತ್ತಾನೆ,
ನಗುವುದು ಪುಕ್ಕಟೆ.

"ಹಂಗಾದ್ರೆ ಬಿಚ್ರಿ ಅಕ್ಕಾ. ಮೊದ್ಲು ಪ್ಲಗ್ಗು ಕೀಳ್ರಿ."

ದಸ್ತಗೀರನ ಟೆಸ್ಟರು, ನಾಲ್ಕು ಸ್ಕ್ರೂ.
ಪಕ್ಕದ ತಗಡು ಸರಿಸಿದರೆ
ಒಳಗೂ ಒಂದು ಮಂಡಕ್ಕಿ ಭಟ್ಟಿ!
ಫ್ಯಾನಿನ ಎಸಳೆಸಳಿಗೂ ಮಸಿಯ ಅಂಚು,
ಹೊಟ್ಟಿನ ಬೂದಿ, ಜೇಡನ ಹಳೇ ಸಂಸಾರ,
ತಳದಲ್ಲಿ ಎರಡು ಮಂಡಕ್ಕಿ ಕಾಳು
ಇನ್ನೂ ಬೆಳ್ಳಗೆ.
ಅವು ಯಾವ ಸಂದಿಯಿಂದ ಒಳಗೆ ಹೋದವೋ
ಡಬ್ಬಿ ಮಾಡಿದ ಕಂಪನಿಯೂ ಹೇಳಲಾರದು.

ಓಣಿಯೆಲ್ಲ ಉಸಿರಾಡಿದ್ದನ್ನೇ ಇದೂ ಉಸಿರಾಡಿದೆ.
ದಸ್ತಗೀರನಿಗೆ ಕೆಮ್ಮು,
ಇದಕ್ಕೆ ಬೀಪು.

ಅವನ ಹಳೇ ಶೇವಿಂಗ್ ಬ್ರಷ್ಷಿನಿಂದ ಗುಡಿಸಿದೆ.
"ಬಾಯಿಂದ ಊದಬ್ಯಾಡ್ರಿ, ಎಂಜಲು ಹಾರ್ತತಿ" ಅಂದಿದ್ದ,
ಒಲೆ ಊದಿ ಬೆಳೆದವಳಿಗೆ ಈ ಮಾತು!
ಸೈಕಲ್ ಪಂಪು ತಂದು ಊದಿದೆ.
ರ್‍ಯಾಮು ಅಂದರೆ ಈ ಹಸಿರು ಪಟ್ಟಿ,
ಎರಡೂ ಕಿವಿ ಹಿಂಡಿದರೆ ಎದ್ದು ಬರುತ್ತದೆ.
ಅದರ ಚಿನ್ನದ ಹಲ್ಲನ್ನು ರಬ್ಬರಿನಿಂದ ಉಜ್ಜಬೇಕಂತೆ.
ಯಾವ ರಬ್ಬರು?
ಬರೆದದ್ದನ್ನು ಅಳಿಸುತ್ತಾರಲ್ಲ, ಅದೇ.
ಆಫಿಯಾಳ ಕಂಪಾಸಿನಲ್ಲಿತ್ತು, ಸ್ಟ್ರಾಬೆರಿ ವಾಸನೆಯದು,
ಒಂದು ಮೂಲೆ ಕಚ್ಚಿದ್ದು.
ತಪ್ಪಿದ ಲೆಕ್ಕ ಅಳಿಸುವ ಹಾಗೆ
ಮೆಲ್ಲಗೆ, ಒಂದೇ ದಿಕ್ಕಿಗೆ.

"ಅಮ್ಮೀ, ಅದರ ನೆನಪು ಅಳಿಸಿ ಹೋಗಲ್ವಾ?"
ನೆನಪಿರುವುದು ಇಲ್ಲಲ್ಲ, ಆ ಇನ್ನೊಂದು ಡಬ್ಬಿಯಲ್ಲಿ,
ಇದು ಬರೀ ಕೈಯಲ್ಲಿ ಹಿಡಿದ ಕೆಲಸ.
ಕೊಟ್ರೇಶಿ ಹೇಳಿದ್ದು.
ನನ್ನದೇ ಮಾತೆಂಬಂತೆ ಹೇಳಿದೆ.

ಕಟಕ್ ಎಂದು ಕೂತಿತು. ಒತ್ತಿದೆ.
ಒಂದೇ ಗಿಡ್ಡ ಬೀಪು,
ಕರೆದರೆ ಹಿತ್ತಲಿಂದ ಓಗೊಟ್ಟ ಹಾಗೆ.

ಬಂತು.
ಬಂದದ್ದೇ ಕೇಳಿತು: ತಾರೀಖೆಷ್ಟು?
ಅದರ ಲೆಕ್ಕದಲ್ಲಿ ಇವತ್ತು
೨೦೦೯, ಜನವರಿ ಒಂದು.

ಇದು ಶ್ರಾವಣದಿಂದ ಹಿಡಿದ ಕಾಯಿಲೆ.
ಒಳಗೊಂದು ಗುಂಡು ಸೆಲ್ಲು ಸತ್ತಿದೆ, ಎಂಟಾಣೆ ಅಗಲದ್ದು,
ವಾಚಿನ ಅಂಗಡಿಯಲ್ಲಿ ನಲವತ್ತು ರೂಪಾಯಿ.
ಒಮ್ಮೆ ತಾರೀಖು ತಿದ್ದುವುದು ಮರೆತು
ಮೂರು ಮದುವೆ ಕಾರ್ಡು ಟೈಪು ಮಾಡಿದೆ,
ಪ್ಯಾರಿಜಾನಳ ಮಗಳದೂ ಅದರಲ್ಲಿ.
ಆ ಹುಡುಗಿ ಎರಡನೇ ಕ್ಲಾಸಿನಲ್ಲಿ
ಮುಂದಿನ ಹಲ್ಲು ಬಿದ್ದು ಓಡಾಡುತ್ತಿದ್ದ ವರ್ಷ
ಅವಳ ನಿಕಾಹ್ ಕಾರ್ಡು ಫೈಲಿನಲ್ಲಿ ತಯಾರು.
ಆಫಿಯಾ ಬರೆದ 'ನನ್ನ ಶಾಲೆ'
ಆಫಿಯಾ ಹುಟ್ಟುವ ಆರು ವರ್ಷ ಮೊದಲಿನದು.
ಅವಳಿಗೆ ಹಿಗ್ಗು, ಗೆಳತಿಯರನ್ನು ಕರೆದು ತೋರಿಸಿದಳು.

ಅವರು ಹೋದಮೇಲೆ ನಾನೂ ನೋಡುತ್ತ ಕೂತೆ.
ಆ ಜನವರಿ ಒಂದರಂದು ನಾನೆಲ್ಲಿದ್ದೆ?
ಹರಿಹರದಲ್ಲಿ, ಮೊರದ ಮುಂದೆ.
ಕಂಪ್ಯೂಟರ್ ಕ್ಲಾಸಿನ ಫೀಸು
ಅಬ್ಬಾನ ಹತ್ತಿರ ಕೇಳಲೋ ಬೇಡವೋ ಎಂದು
ಬೀಡಿ ಎಲೆ ಕತ್ತರಿಸುತ್ತಿದ್ದೆ,
ಒಂದೂ ಎಲೆ ಅಳತೆಗೆ ಬರಲಿಲ್ಲ.

ಡಬ್ಬಿ ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿಯಿತು.
ಮಿಕ್ಸಿ ಬಿಚ್ಚಿದಾಗಲೂ ಉಳಿದಿತ್ತು.
ಎರಡೂ ಸಾಸಿವೆ ಡಬ್ಬಿಯಲ್ಲಿವೆ.

ಸೆಲ್ಲು ತರಬೇಕು. ನಾಳೆ ತರುತ್ತೇನೆ,
ಇಲ್ಲವೇ ಶುಕ್ರವಾರ.
ಅಲ್ಲಿಯವರೆಗೆ
ಭಟ್ಟಿಯ ಮೊದಲ ಹೊಗೆ ಏಳುವ ಹೊತ್ತಿಗೆ ಕೂತು
ಅದಕ್ಕೆ ಹೇಳುತ್ತೇನೆ: ಹದಿನೆಂಟು, ಬುಧವಾರ.
ಮನೆಯವರೆಲ್ಲ ನನ್ನನ್ನು ಕೇಳುವುದು
ಚಾವಿ ಎಲ್ಲಿ, ಸಾರು ಏನು, ಚಾರ್ಜರ್ ಯಾರು ತೆಗೆದರು.
ತಾರೀಖು ಕೇಳಿ,
ಹೇಳಿದ್ದನ್ನು ಕ್ಯಾಲೆಂಡರು ನೋಡದೆ ನಂಬುವುದು
ಇದೊಂದೇ.